ನಕಮುರಾ ಎಡಗಾಲು

ಸಂಪಾದಕರೇ, ನಿಮ್ಮ ಕ್ರೀಡಾಪುಟದಲ್ಲಿ ಫುಟ್‌ಬಾಲ್ ಅಂದ್ರೆ ಬರೀ ಮೆಸ್ಸಿ ರೊನಾಲ್ಡೊ ಅಷ್ಟೇನಾ, ಜಪಾನಿನ ಶುನ್‌ಸುಕೆ ನಕಮುರಾ ಬಗ್ಗೆನೂ ಒಂದ್ಸಲ ಬರೀರಿ. 2002ರ ವರ್ಲ್ಡ್‌ಕಪ್ ಅವರ ದೇಶದಲ್ಲೇ ನಡೀತು, ಕೋಚ್ ಟ್ರೂಸಿಯೆ ಟೀಮಿಗೇ ತಗೊಳ್ಳಲಿಲ್ಲ, ಆಮೇಲೆ ಇಟಲಿಯ ರೆಜಿನಾ ಕ್ಲಬ್ಬಿಗೆ ಹೋಗಿ ಅಲ್ಲಿಂದ 2005ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಸೇರಿ 2006ರ ನವೆಂಬರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ ಹೊಡೆದ ಫ್ರೀಕಿಕ್ ಇದ್ಯಲ್ಲ, 81ನೇ ನಿಮಿಷ, ಎಡಗಾಲಲ್ಲಿ ಸುಮ್ನೆ ಹಾಗೆ ಸವರಿದ್ದು, ಬಾಲು ಮೇಲಿನ ಮೂಲೆಗೆ, ಅಷ್ಟುದ್ದದ ಗೋಲ್‌ಕೀಪರ್ ವಾನ್ ಡರ್ ಸಾರ್‌ಗೂ ಸಿಗಲಿಲ್ಲ. 1-0. ಓಡೋ ಸ್ಪೀಡು ಅಷ್ಟಕ್ಕಷ್ಟೇ ಬಿಡಿ. ಆದ್ರೆ 2000ದಲ್ಲಿ ಜಪಾನಿನ ಜೆ ಲೀಗಿನ ಬೆಸ್ಟ್ ಪ್ಲೇಯರ್ ಆದವರು 2013ರಲ್ಲಿ ಮತ್ತೆ ಆದ್ರು, 35ನೇ ವಯಸ್ಸಲ್ಲಿ! 2022ರಲ್ಲಿ 44ಕ್ಕೆ ಬೂಟು ಬಿಚ್ಚಿಟ್ರು, ನಿಮ್ಮ ಪೇಪರಲ್ಲಿ ಎರಡು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

– ಒಬ್ಬ ಹಳೇ ಓದುಗ