ಅಮ್ಮನ ಚರ್ಮಕ್ಕೆ ದುಬೈ ಮಾತ್ರೆ ಬೇಕೇ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಿರಿಯರ ಚರ್ಮದ ಆರೈಕೆ ಬಗ್ಗೆ ಬರಹವೊಂದು ಬಂದಿತ್ತು. ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಸುಕ್ಕು ಕಡಿಮೆಯಾಗುತ್ತದೆ, ಚರ್ಮದ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂಬ ಧಾಟಿ ಅದರದ್ದು. ಉಡುಪಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಓದಿ ಸುಮ್ಮನಿರಲು ಆಗಲಿಲ್ಲ.

ಆ ವಾರವೇ ಪರಿಚಯದ ಅಜ್ಜಿಯೊಬ್ಬರು ದೊಡ್ಡ ಡಬ್ಬಿ ತಂದು ಕೌಂಟರಿನ ಮೇಲಿಟ್ಟರು. ಬೀಟಾ ಕೆರೋಟಿನ್, ವಿಟಮಿನ್ ಇ, ಸೆಲೆನಿಯಂ ಎಲ್ಲ ಒಟ್ಟಿಗೆ ಇದ್ದ ಮಾತ್ರೆ. ಇದು ಊಟದ ಮೊದಲಾ, ಆಮೇಲಾ ಎಂಬುದಷ್ಟೇ ಅವರ ಪ್ರಶ್ನೆ. ಇದು ಬೇಕಾ ಅಜ್ಜಿ ಎಂದೆ. "ಮಗ ದುಬೈಯಿಂದ ಕಳಿಸಿದ್ದು ಮಾರಾಯ್ರೆ, ಬಿಸಾಡ್ಲಿಕ್ಕೆ ಆಗ್ತದಾ?" ಎಂದರು. ಅವರು ರಕ್ತ ತೆಳುವಾಗಿಸುವ ಮಾತ್ರೆ ಬೇರೆ ತೆಗೆದುಕೊಳ್ಳುತ್ತಾರೆ. ಅದರ ಜೊತೆ ವಿಟಮಿನ್ ಇ ಜಾಸ್ತಿಯಾದರೆ ರಕ್ತಸ್ರಾವದ ಭಯವಿದೆ. ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ ಎಂದು ಕಳಿಸಿದೆ.

ಮಾತ್ರೆಯ ಹಿಂದಿನ ಯೋಚನೆಯಲ್ಲಿ ತರ್ಕ ಇಲ್ಲದಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮದ ಜೀವಕೋಶದೊಳಗೆ ಆಮ್ಲಜನಕದ ಪುಂಡ ಕಣಗಳು ಹುಟ್ಟುತ್ತವೆ, ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ವಯಸ್ಸಾದ ಹಾಗೆ ದೇಹದ ರಿಪೇರಿ ಕೆಲಸ ನಿಧಾನವಾಗುತ್ತದೆ. ಆ ಕಣಗಳನ್ನು ಅಡಗಿಸುವ ಆಂಟಿಆಕ್ಸಿಡೆಂಟ್ ವಿಟಮಿನ್ ಕೊಟ್ಟರೆ ಕ್ಯಾನ್ಸರ್ ತಪ್ಪಬೇಕು, ಅಲ್ವಾ?

ತಪ್ಪಲಿಲ್ಲ. ಒಮ್ಮೆ ಚರ್ಮದ ಕ್ಯಾನ್ಸರ್ ಆಗಿದ್ದ 1,805 ಮಂದಿಯ ಮೇಲೆ ಅಮೆರಿಕದಲ್ಲಿ ಬೀಟಾ ಕೆರೋಟಿನ್ ಪರೀಕ್ಷೆ ಮಾಡಿದರು. ಐದು ವರ್ಷ ದಿನಕ್ಕೆ 50 ಮಿಲಿಗ್ರಾಂ ಕೊಟ್ಟರೂ ಏನೂ ಉಪಯೋಗವಾಗಲಿಲ್ಲ ಎಂದು 1990ರಲ್ಲಿ ವರದಿ ಬಂತು. ಸೆಲೆನಿಯಂ ಕಥೆ ಇನ್ನೂ ಕೆಟ್ಟದ್ದು. ಅದನ್ನು ಕೊಟ್ಟು 1,312 ಮಂದಿಯ ಮೇಲೆ ಮಾಡಿದ ಪರೀಕ್ಷೆಯ ಪೂರ್ತಿ ಲೆಕ್ಕ 2003ರಲ್ಲಿ ಬಂದಾಗ, ಮಾತ್ರೆ ತಿಂದವರಲ್ಲೇ ಸ್ಕ್ವಾಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಶೇ 25ರಷ್ಟು ಜಾಸ್ತಿ ಇತ್ತು. ಫ್ರಾನ್ಸಿನಲ್ಲಿ 13,017 ಮಂದಿಗೆ ಸಣ್ಣ ಪ್ರಮಾಣದಲ್ಲಿ ವಿಟಮಿನ್ ಸಿ, ಇ, ಬೀಟಾ ಕೆರೋಟಿನ್, ಸೆಲೆನಿಯಂ, ಸತು ಸೇರಿಸಿ ಕೊಟ್ಟರು. ಗಂಡಸರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಂಗಸರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾಯಿತು. ಅಮೆರಿಕದ ಸುಮಾರು 70 ಸಾವಿರ ಮಂದಿಯ ಇನ್ನೊಂದು ಅಧ್ಯಯನದಲ್ಲಿ ಇಂಥ ಮಾತ್ರೆಗೂ ಮೆಲನೋಮಾ ಎಂಬ ಅಪಾಯದ ಚರ್ಮದ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಇದು ವಿಷ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ದುಡ್ಡು ಕೊಟ್ಟು ನುಂಗಲು ಕಾರಣ ಬೇಡವೇ?

ನನಗೆ ತುಂಬಾ ಹಿಡಿಸಿದ್ದು ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನ ಪರೀಕ್ಷೆ. 1992ರಲ್ಲಿ 1,621 ಊರವರನ್ನು ಸೇರಿಸಿಕೊಂಡು ಕೆಲವರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟರು, ಕೆಲವರಿಗೆ ದಿನವೂ ಹಚ್ಚಲು ಸನ್‌ಸ್ಕ್ರೀನ್ ಕೊಟ್ಟರು, ಕೆಲವರಿಗೆ ಎರಡನ್ನೂ ಕೊಟ್ಟರು. ನಾಲ್ಕೂವರೆ ವರ್ಷ ಕಳೆದ ಮೇಲೆ ಸನ್‌ಸ್ಕ್ರೀನ್ ಗುಂಪಿನಲ್ಲಿ ಸ್ಕ್ವಾಮಸ್ ಗಡ್ಡೆಗಳು ಹತ್ತಿರ ಹತ್ತಿರ ಶೇ 40 ಕಡಿಮೆ. ಮಾತ್ರೆಯಿಂದ ಏನೂ ಇಲ್ಲ. ಒಂದು ಕಾರಣ ಇದಿರಬಹುದು: ಅತಿನೇರಳೆ ಕಿರಣದ ಒಂದು ಭಾಗ ನೇರವಾಗಿ ಡಿಎನ್‌ಎಗೇ ಬಡಿಯುತ್ತದೆ, ನಡುವೆ ಆಮ್ಲಜನಕದ ಕಣ ಬೇಕಾಗುವುದೇ ಇಲ್ಲ. ಅಲ್ಲಿ ಮಾತ್ರೆ ಯಾರನ್ನು ತಡೆಯುತ್ತದೆ?

ಅದೇ ಊರಿನವರ ಊಟವನ್ನು 11 ವರ್ಷ ಗಮನಿಸಿದಾಗ, ಮೊದಲೇ ಚರ್ಮದ ಕ್ಯಾನ್ಸರ್ ಆಗಿದ್ದವರ ಪೈಕಿ ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಸ್ಕ್ವಾಮಸ್ ಗಡ್ಡೆಗಳು ಕಡಿಮೆ ಕಂಡಿವೆ. ಇದು ಬರೀ ಗಮನಿಸಿದ್ದು, ಸಾಬೀತಾದದ್ದಲ್ಲ. ಆದರೂ ಬಸಳೆ, ಹರಿವೆ, ತಿಮರೆ ಹಿತ್ತಲಲ್ಲೇ ಇರುವ ನಮಗೆ ಅದರಿಂದ ನಷ್ಟವೇನೂ ಇಲ್ಲ. ಬಸಳೆಗೆ ಒಣ ಸಿಗಡಿ ಹಾಕಿದರೆ ಅಡ್ಡಿಯಿಲ್ಲ, ನಾನಂತೂ ಹಾಕುತ್ತೇನೆ.

ಬೀಡಿ ಸೇದುವ ಅಜ್ಜಂದಿರು ನಮ್ಮ ಕಡೆ ಕಡಿಮೆಯೇನಿಲ್ಲ. ಅವರ ಮಕ್ಕಳು ಇದನ್ನು ಓದಲಿ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಬೀಟಾ ಕೆರೋಟಿನ್ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18 ಜಾಸ್ತಿ ಬಂತು. ಚರ್ಮ ಉಳಿಸಲು ಹೋಗಿ ಎದೆಗೆ ತಂದುಕೊಳ್ಳುವುದು ಬೇಡ.

ಈ ಪರೀಕ್ಷೆಗಳಲ್ಲಿದ್ದವರು ಹೆಚ್ಚಾಗಿ ಬಿಳಿ ಚರ್ಮದವರು. ನಮ್ಮ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಸಾಕಷ್ಟು ಬಿಸಿಲನ್ನು ತಡೆಯುತ್ತದೆ, ಹಾಗಾಗಿ ಈ ರೋಗ ನಮ್ಮಲ್ಲಿ ಅಪರೂಪ. ಅಪರೂಪವಾದ್ದರಿಂದಲೇ ತಡವಾಗಿ ಗೊತ್ತಾಗುತ್ತದೆ. ಬಿಸಿಲಿಗೆ ಬರುವ ಗಡ್ಡೆ ಮೂಗು, ಕಿವಿ, ಕಣ್ಣಿನ ಸುತ್ತ ಕಾಣಿಸುವುದು ಹೆಚ್ಚು. ಗದ್ದೆಯವರು ಹಾಕುವ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ತಲೆಗೆ ಒಳ್ಳೆಯದು, ಆದರೆ ಅದಕ್ಕೆ ಅಂಚಿಲ್ಲ, ಮೂಗು ಕಿವಿ ಬಿಸಿಲಿಗೇ ಇರುತ್ತವೆ. ಕೆಳಗೊಂದು ಬೈರಾಸು (ಟವೆಲು) ಸುತ್ತಿಕೊಂಡರೆ ಕೆಲಸ ಆಯಿತು. ಇನ್ನು ನಮ್ಮವರಿಗೆ ಮೆಲನೋಮಾ ಬರುವುದು ಹೆಚ್ಚಾಗಿ ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನಡಿ. ಅದಕ್ಕೂ ಬಿಸಿಲಿಗೂ ಅಷ್ಟು ಸಂಬಂಧವಿಲ್ಲ. ಹಾಗಾಗಿ ಸನ್‌ಸ್ಕ್ರೀನ್ ಅಲ್ಲಿ ಕೆಲಸಕ್ಕೆ ಬಾರದು. ಅಂಗಾಲು ತಿರುಗಿಸಿ ನೋಡುವುದೊಂದೇ ದಾರಿ. ಎಷ್ಟೋ ಮಂದಿ ಅದನ್ನು ಆಣಿ ಎಂದುಕೊಂಡು ಆಣಿ ಪ್ಲಾಸ್ಟರ್ ಕೇಳಿಕೊಂಡು ಬರುತ್ತಾರೆ. ಹಳೆಯ ಸುಟ್ಟ ಗಾಯದ ಕಲೆಯ ಮೇಲೆ ಹುಣ್ಣೆದ್ದು ತಿಂಗಳುಗಟ್ಟಲೆ ಮಾಯದಿದ್ದರೆ ಅದನ್ನೂ ತೋರಿಸಬೇಕು, ಬರೀ ಮುಲಾಮು ಸಾಲದು.

30 ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ. ಚರ್ಮ ಆ ಪಟ್ಟಿಯಲ್ಲಿಲ್ಲ. ಅಪರೂಪದ ರೋಗಕ್ಕೆ ಹೊಸ ಕಾರ್ಯಕ್ರಮ ಕೇಳುವುದು ಸರಿಯಲ್ಲ ಎಂದು ನನಗೂ ಗೊತ್ತು. ಆದರೆ ಕುಷ್ಠರೋಗ ಪತ್ತೆಗೆಂದು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಚರ್ಮದ ಮಚ್ಚೆ ನೋಡುತ್ತಾರಲ್ಲ, ಆಗಲೇ 60 ದಾಟಿದವರ ಅಂಗಾಲನ್ನೂ ನೋಡಲಿ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಇದನ್ನು ಯೋಚಿಸಬೇಕು. ನೀವೂ ಮುಂದಿನ ಪುರವಣಿಯಲ್ಲಿ ಚರ್ಮದ ಡಾಕ್ಟರೊಬ್ಬರಿಂದ ಬರೆಸಿ, ಆಣಿ ಯಾವುದು, ಮೆಲನೋಮಾ ಯಾವುದು ಎಂದು ಪಕ್ಕಪಕ್ಕದಲ್ಲಿ ಬಣ್ಣದ ಚಿತ್ರ ಹಾಕಿ. ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸುತ್ತೇನೆ.

ಇಂತಿ,
ಔಷಧಿ ಅಂಗಡಿಯವರೊಬ್ಬರು, ಉಡುಪಿ