ನೆನಪಿನ ಪುಸ್ತಕಕ್ಕ ಬರಹ, ಫೋಟೊ ಹಿಂಗ ಕಳಿಸ್ರಿ

ಹತ್ತನೇ ಕ್ಲಾಸಿನ ಎಲ್ಲರಿಗೂ ಸೂಚನೆ. ಒಬ್ಬೊಬ್ಬರ ಬಗ್ಗೆ 40 ಪದ ಸಾಕು. ಪಕ್ಕದ ಬೆಂಚಿನವರೇ ಬರೀರಿ.

"ಒಳ್ಳೆ ಹುಡುಗ, ಎಲ್ಲರ ಜೊತಿ ಚಂದ ಇರ್ತಾನ" ಅನ್ನೋದು ಬ್ಯಾಡ. ಸೂರ್ಯಕಿರಣ್ (ವಾಯುಪಡೆಯ ಕಸರತ್ತಿನ ತಂಡ) ವಿಮಾನದ ಸಪ್ಪಳ ಕೇಳಿದ್ರ ಗಣಿತ ಬಿಟ್ಟು ಕಿಡಕಿಗೆ ಓಡೋನು ಅಂತ ಬರೀರಿ, ಬೀದರ್ ಮಂದಿಗೆ ತಟ್ಟನೆ ಗುರ್ತು ಸಿಗ್ತದ. ಕನಸಿನ ಜೊತಿ ಮುಂದಿನ ಮೆಟ್ಟಿಲೂ ಇರ್ಲಿ: ಎನ್‌ಡಿಎಯಿಂದ (ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿ) ವಾಯುಪಡೆಗೆ ಹೋಗ್ಬೇಕಂದ್ರ ಪಿಯುಸಿಯಾಗ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಬೇಕು (ಕಿಡಕಿ ಸಾಹೇಬ್ರು ಗಮನಿಸಬೇಕು). ಬಿದ್ರಿ ಕಲಿಯಾಕಿ ಬಗ್ಗೆ "ಕುಸುರಿ ಕೆಲಸ" ಅಂದ್ರ ಸಾಲದು. ಸತು-ತಾಮ್ರದ ಪಾತ್ರಿ ಕೆತ್ತಿ ಬೆಳ್ಳಿ ತಂತಿ ಕೂಡಸ್ತಾಳ, ಕೋಟೆ ಮಣ್ಣಿನಿಂದ ಕಪ್ಪ ಮಾಡ್ತಾಳ ಅಂತ ಬರೀರಿ.

ಅಡ್ಡಹೆಸರು ಹಾಕೋ ಮೊದಲು ಅವರನ್ನೇ ಕೇಳ್ರಿ.

ಫೋಟೊ ವಾಟ್ಸಾಪ್‌ನಾಗ ಡಾಕ್ಯುಮೆಂಟ್ ಅಂತ ಕಳಿಸ್ರಿ. ಸಾದಾ ಹಾಕಿದ್ರ ಕುಗ್ಗಿ, ಪ್ರಿಂಟಿನಾಗ ಮುಖ ಮಸುಕಾಗ್ತದ. 2 ಇಂಚು ಅಗಲಕ್ಕ 600 ಪಿಕ್ಸೆಲ್ ಬೇಕು. ಬರಹ ಯೂನಿಕೋಡ್‌ನಾಗೇ (ಎಲ್ಲಾ ಫೋನ್, ಕಂಪ್ಯೂಟರಿನಾಗ ಓದಾಕ ಬರೋ ಅಕ್ಷರ) ಇರ್ಲಿ. ಹಳೆ ನುಡಿ ಫಾಂಟಿಂದು ಬ್ಯಾರೆ ಕಂಪ್ಯೂಟರಿನಾಗ ಚಿತ್ರವಿಚಿತ್ರ ಅಕ್ಷರ ಆಗ್ತದ.

ನಡುವ ಪಿನ್ ಹೊಡಿಯೋ ಪುಸ್ತಕ, ಪುಟ 4ರ ಲೆಕ್ಕದಾಗೇ ಹೆಚ್ಚಬೇಕು. 32 ಪುಟ ತುಂಬಿದ ಮ್ಯಾಲ ಒಂದು ಪುಟ ತಡವಾಗಿ ಬಂದ್ರ ಇನ್ನ 3 ಪುಟ ನಾವು ಹುಡುಕಬೇಕು.