ಮಾನಿಟರ್ ಕಪ್ಪಾದರೆ ಡಾಕ್‌ನ ಕಡೆಗೂ ನೋಡಿ

ಮಾನ್ಯ ಸಂಪಾದಕರೇ,

ಲಿನಕ್ಸ್ ಲ್ಯಾಪ್‌ಟಾಪ್‌ಗೆ ಡಾಕ್ (ಒಂದೇ ಕೇಬಲ್‌ನಲ್ಲಿ ಹಲವು ಸಾಧನಗಳನ್ನು ಜೋಡಿಸುವ ಪೆಟ್ಟಿಗೆ) ಮೂಲಕ ಜೋಡಿಸಿದ ಹೊರಗಿನ ಮಾನಿಟರ್‌ನಲ್ಲಿ ಚಿತ್ರ ಮೂಡದಿದ್ದರೆ ಹೆಚ್ಚಿನವರು ಮೊದಲು ದೂರುವುದು ಗ್ರಾಫಿಕ್ಸ್ ಡ್ರೈವರನ್ನು. ಅದೇ ಡಾಕ್‌ಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್, ವೆಬ್‌ಕ್ಯಾಮ್‌ಗಳತ್ತ ಗಮನ ಹೋಗುವುದೇ ಇಲ್ಲ. ಯುಎಸ್‌ಬಿ-ಸಿ ಕೇಬಲ್‌ನಲ್ಲಿರುವ 4 ವೇಗದ ಲೇನ್‌ಗಳನ್ನು (ಸಂಕೇತ ಹರಿಯುವ ಹಾದಿಗಳನ್ನು) ಚಿತ್ರ ಮತ್ತು ದತ್ತಾಂಶ ಎರಡೂ ಹಂಚಿಕೊಳ್ಳಬೇಕಾಗುತ್ತದೆ. ಡಾಕ್ ಯುಎಸ್‌ಬಿ 3ರ ವೇಗಕ್ಕಾಗಿ 2 ಲೇನ್‌ಗಳನ್ನು ತೆಗೆದಿರಿಸಿಕೊಂಡರೆ, ಡಿಸ್‌ಪ್ಲೇಪೋರ್ಟ್ (ಪರದೆಗೆ ಚಿತ್ರ ಸಾಗಿಸುವ ಮಾನದಂಡ) 1.2 ಮಟ್ಟದ ಸಂಪರ್ಕದಲ್ಲಿ ಉಳಿದ 2 ಲೇನ್‌ಗಳು 60 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 60 ಬಾರಿ ಬದಲಾಗುವ, 4ಕೆ ಚಿತ್ರವನ್ನು ಸಾಗಿಸಲಾರವು. 30 ಹರ್ಟ್ಸ್‌ಗೆ ಇಳಿಸಿದೊಡನೆ ಚಿತ್ರ ಬಂದರೆ ಕಾರಣ ಇದೇ ಎಂದು ಶಂಕಿಸಬಹುದು.

ಚಿತ್ರವನ್ನು ಯುಎಸ್‌ಬಿ ದತ್ತಾಂಶವಾಗಿಯೇ ಕಳಿಸುವ ಡಿಸ್‌ಪ್ಲೇಲಿಂಕ್ ಮಾದರಿಯ ಡಾಕ್‌ಗಳ ತಕರಾರು ಬೇರೆ: ಅವುಗಳಿಗೆ ಪ್ರತ್ಯೇಕ ಕರ್ನೆಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರಿಸುವ ತುಣುಕು) ಬೇಕು, ಕರ್ನೆಲ್ ಅಪ್‌ಡೇಟ್ ಆದಾಗ ಅದು ಮರಳಿ ಸಿದ್ಧವಾಗದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಎಲ್ಲವನ್ನೂ ಕಳಚಿ, ಮಾನಿಟರನ್ನಷ್ಟೇ ನೇರವಾಗಿ ಜೋಡಿಸಿ, ಕರ್ನೆಲ್ ಲಾಗ್ (ಕರ್ನೆಲ್ ಬರೆದಿಡುವ ಸಂದೇಶಗಳ ದಾಖಲೆ) ತೆರೆದಿಟ್ಟುಕೊಂಡು ಒಂದೊಂದೇ ಸಾಧನವನ್ನು ಮತ್ತೆ ಸಿಕ್ಕಿಸುತ್ತ ಹೋದರೆ, ಯಾವುದರ ಬೆನ್ನಿಗೆ ಸಂಪರ್ಕ ಕಡಿಯಿತೆಂಬುದು ತಿಳಿಯುತ್ತದೆ. ಬೇಸರದ ಕೆಲಸ, ನಿಜ. ಆದರೂ ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡುವುದಕ್ಕಿಂತ ವಾಸಿ. ಡಾಕ್ ತಯಾರಕರು ಲೇನ್ ಹಂಚಿಕೆಯ ವಿವರವನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಬೇಕು.

ಇಂತಿ,
ಓರ್ವ ಓದುಗ